ಪುಶ್‌ಫಿಟ್ ಜಾಯಿಂಟನ್ನು ಎಷ್ಟು ನಂಬಬಹುದು? ಮನೆಯ ನೀರಿನ ಪೈಪಿಗೆ ಹಾಕುವ ಮುನ್ನ, ಹಾಕುವಾಗ, ಹಾಕಿದ ಮೇಲೆ

ಗಮ್ಮು ಹಚ್ಚದೆ, ಥ್ರೆಡ್ ಹಾಕದೆ, ಪೈಪನ್ನು ಕೈಯಿಂದ ಒತ್ತಿ ಕೂರಿಸುವ ಪುಶ್‌ಫಿಟ್ ಜಾಯಿಂಟು ಎಷ್ಟು ವರ್ಷ ತಡೆಯುತ್ತದೆ ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಕೇಳುವವರಲ್ಲಿ ಎರಡು ಬಗೆ. ಮೈಸೂರಿನ ಸರಸ್ವತಿಪುರಂ, ಜಯಲಕ್ಷ್ಮೀಪುರಂ ಕಡೆಯ ಹಳೆಯ ಮನೆಗಳಲ್ಲಿ ಜಿ.ಐ. ಪೈಪು, ಅಂದರೆ ಸತುವಿನ ಲೇಪವಿರುವ ಕಬ್ಬಿಣದ ಪೈಪು, ತುಕ್ಕು ಹಿಡಿದು ಅಲ್ಲಲ್ಲಿ ತುಂಡು ಬದಲಿಸಬೇಕಾಗಿ ಬಂದವರು ಮೊದಲನೆಯವರು. ಮೈಸೂರಿನ ವಿಜಯನಗರದಂತಹ ಬಡಾವಣೆಗಳಲ್ಲೂ ಮಂಡ್ಯದ ಹೊಸ ಮನೆಗಳಲ್ಲೂ ಸಿ.ಪಿ.ವಿ.ಸಿ. ಪೈಪು, ಅಂದರೆ ಬಿಸಿನೀರನ್ನೂ ತಾಳುವ ಗಟ್ಟಿ ಪ್ಲಾಸ್ಟಿಕ್ ಪೈಪು, ಹಾಕಿಸಿ, ಎಲ್ಲೋ ಒಂದು ಎಲ್ಬೋ, ಅಂದರೆ ತಿರುವಿನ ಫಿಟಿಂಗು, ಸೋರತೊಡಗಿದಾಗ ಪ್ಲಂಬರು "ಪುಶ್‌ಫಿಟ್ ಹಾಕಿದರೆ ಹತ್ತು ನಿಮಿಷದ ಕೆಲಸ ಸಾರ್" ಎಂದದ್ದನ್ನು ಕೇಳಿ ಅನುಮಾನಕ್ಕೆ ಬಿದ್ದವರು ಎರಡನೆಯವರು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಒಳ್ಳೆಯ ಫಿಟಿಂಗು, ಅದಕ್ಕೆ ಹೊಂದುವ ಅಳತೆಯ ಪೈಪಿನ ಮೇಲೆ ಪೂರ್ತಿ ಆಳಕ್ಕೆ ಕೂತಿದ್ದರೆ, ತಣ್ಣೀರಿನ ಲೈನಿನಲ್ಲಿ ದಶಕಗಳ ಕಾಲ ತಡೆಯುತ್ತದೆ. ಹಿತ್ತಾಳೆಯ ಪುಶ್‌ಫಿಟ್‌ಗೆ ಹೊರದೇಶದ ಪ್ರಮುಖ ತಯಾರಕರು 25 ವರ್ಷದ ವಾರಂಟಿ ಕೊಡುವುದೂ ಉಂಟು. ಇವು ಸೋರುವುದು ಹೆಚ್ಚಾಗಿ ವಯಸ್ಸಾಗಿ ಅಲ್ಲ, ಹಾಕಿದ ದಿನವೇ ಆದ ತಪ್ಪಿನಿಂದ. ಆ ತಪ್ಪು ಕೆಲವೊಮ್ಮೆ ಅಂದೇ ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ಎರಡು ಬೇಸಿಗೆ ಕಳೆದ ಮೇಲೆ. ಈ ಎರಡನೆಯ ಸಾಧ್ಯತೆ ಇರುವುದರಿಂದಲೇ ನನ್ನ ಅಭಿಪ್ರಾಯ ಇಷ್ಟು: ಪುಶ್‌ಫಿಟ್ ಅನ್ನು ಕಣ್ಣಿಗೆ ಕಾಣುವ, ಕೈಗೆಟುಕುವ ಜಾಗದಲ್ಲಿ ಧೈರ್ಯವಾಗಿ ಹಾಕಿ, ಟೈಲ್ಸಿನ ಹಿಂದೆ ಗಾರೆಯಲ್ಲಿ ಹೂಳಬೇಡಿ. ಹೂಳಬಹುದೆಂದು ಬರೆದಿರುವ ಫಿಟಿಂಗುಗಳೂ ಇವೆ, ಆದರೆ ನಾಳೆ ಸೋರಿದರೆ ಒಡೆಯಬೇಕಾದದ್ದು ನಿಮ್ಮ ಬಚ್ಚಲಿನ ಗೋಡೆ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಬೇಕು. ಶೌಚಾಲಯದ ಮತ್ತು ಬಚ್ಚಲಿನ ಕೊಳಚೆ ಪೈಪುಗಳಲ್ಲಿ ರಬ್ಬರ್ ರಿಂಗಿನೊಳಕ್ಕೆ ಪೈಪು ನೂಕಿ ಕೂರಿಸುವ "ರಿಂಗ್ ಫಿಟ್" ಜಾಯಿಂಟನ್ನೂ ಕೆಲವರು ಪುಶ್‌ಫಿಟ್ ಎನ್ನುತ್ತಾರೆ. ಅದರಲ್ಲಿ ನೀರು ತನ್ನಷ್ಟಕ್ಕೆ ಇಳಿದುಹೋಗುತ್ತದೆ, ಒತ್ತಡವಿಲ್ಲ, ಪೈಪನ್ನು ಹಿಡಿದಿಡುವ ಹಲ್ಲೂ ಇಲ್ಲ. ಈ ಲೇಖನ ಒತ್ತಡದಲ್ಲಿ ಹರಿಯುವ ನೀರಿನ ಪೈಪಿನದ್ದು.

ಒಳಗೆ ಏನಿದೆ

ಫಿಟಿಂಗಿನ ಬಾಯಿಂದ ಒಳಕ್ಕೆ ಹೋದಂತೆ ಮೊದಲು ಸಿಗುವುದು ಕಾಲರ್, ಅಂದರೆ ಒತ್ತಿದರೆ ಹಿಡಿತವನ್ನು ಸಡಿಲಿಸುವ ಪ್ಲಾಸ್ಟಿಕ್ ಬಳೆ. ಅದರ ಹಿಂದೆ ಸ್ಟೇನ್‌ಲೆಸ್ ಸ್ಟೀಲಿನ ತೆಳುವಾದ ಹಲ್ಲುಬಳೆ. ಇದರ ಹಲ್ಲುಗಳು ಒಳಮುಖವಾಗಿ ಓರೆಯಾಗಿರುವುದರಿಂದ ಪೈಪು ಒಳಗೆ ಜಾರುತ್ತದೆ, ಹೊರಕ್ಕೆ ಎಳೆದಷ್ಟೂ ಕಚ್ಚಿಕೊಳ್ಳುತ್ತದೆ. ಅದರ ಹಿಂದೆ ಓ-ರಿಂಗ್, ಸಾಮಾನ್ಯವಾಗಿ ಇ.ಪಿ.ಡಿ.ಎಂ. ಎಂಬ, ಬಿಸಿನೀರನ್ನು ತಾಳುವ ಕೃತಕ ರಬ್ಬರಿನದು. ಕೊನೆಗೆ ಪೈಪು ಮುಂದೆ ಹೋಗದಂತೆ ತಡೆಯುವ ಒಂದು ಅಂಚು. ಪೈಪನ್ನು ಹಿಡಿಯುವುದು ಹಲ್ಲುಬಳೆ, ನೀರನ್ನು ತಡೆಯುವುದು ಓ-ರಿಂಗ್. ಎರಡೂ ಬೇರೆ ಬೇರೆ ಕೆಲಸ ಎಂಬುದನ್ನು ನೆನಪಿನಲ್ಲಿಟ್ಟರೆ ಮುಂದಿನ ಹಂತಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ.

ಓ-ರಿಂಗಿನ ಒಂದು ಸ್ವಭಾವ ನಮ್ಮ ಮನೆಗಳಿಗೆ ಮುಖ್ಯ. ನೀರಿನ ಒತ್ತಡ ಹೆಚ್ಚಿದಷ್ಟೂ ಆ ಒತ್ತಡವೇ ರಿಂಗನ್ನು ಅದು ಕೂರುವ ತೋಡಿನ ಮೂಲೆಗೆ ತಳ್ಳಿ ಬಿಗಿಯಾಗಿಸುತ್ತದೆ. ಒತ್ತಡ ಕಡಿಮೆ ಇದ್ದಾಗ ರಿಂಗು ಬರೀ ತನ್ನ ಹಿಸುಕಿನ ಬಲದಲ್ಲೇ ನೀರನ್ನು ತಡೆಯಬೇಕು. ಹತ್ತು ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ತಾರಸಿಯ ಮೇಲಿನ ಟ್ಯಾಂಕು ನಲ್ಲಿಗಿಂತ ಆರು ಮೀಟರ್ ಮೇಲಿದ್ದರೆ ನಿಮಗೆ ಸಿಗುವುದು 0.6 ಬಾರ್ ಮಾತ್ರ. ಹೀಗಾಗಿ ಪೈಪಿನ ಮೇಲೆ ಸಣ್ಣ ಗೀರಿದ್ದರೆ ಪ್ರೆಶರ್ ಪಂಪು ಓಡುವಾಗ ಒಣಗಿರುವ ಜಾಯಿಂಟು, ಪಂಪು ನಿಂತು ಒತ್ತಡ ಇಳಿದಾಗ ಹನಿಯುವುದುಂಟು. "ಒತ್ತಡವೇ ಇಲ್ಲದ ನಮ್ಮ ಮನೆಗೆ ಇಷ್ಟೆಲ್ಲ ಜಾಗ್ರತೆ ಏಕೆ" ಎಂದು ಕೇಳುವವರು ಇದನ್ನು ಗಮನಿಸಬೇಕು.

ಹಂತ 1: ಜಾಗ ಒಪ್ಪುತ್ತದೆಯೇ ನೋಡಿ

ಸಿಂಕಿನ ಕೆಳಗೆ, ಯುಟಿಲಿಟಿಯ ತೆರೆದ ಗೋಡೆ, ಸಂಪಿನ ಪಂಪಿನ ಪಕ್ಕ, ಫಾಲ್ಸ್ ಸೀಲಿಂಗಿನಲ್ಲಿ ಬಾಗಿಲಿರುವ ಜಾಗ: ಇವೆಲ್ಲ ಸರಿ. ತಾರಸಿಯ ಮೇಲೆ ಬಿಸಿಲು ನೇರವಾಗಿ ಬೀಳುವ ಕಡೆ ಪ್ಲಾಸ್ಟಿಕ್ ಮೈಯ ಫಿಟಿಂಗು ಬೇಡ. ಬಿಸಿಲಿನ ನೇರಳಾತೀತ ಕಿರಣಗಳು ಪ್ಲಾಸ್ಟಿಕ್ಕನ್ನು ಪೆಡಸಾಗಿಸುತ್ತವೆ. ಅನಿವಾರ್ಯವಾದರೆ ಹಿತ್ತಾಳೆಯದನ್ನು ಹಾಕಿ, ಅದಕ್ಕೂ ಪೈಪಿಗೂ ಕಪ್ಪು ಫೋಮಿನ ಹೊದಿಕೆ ಸುತ್ತಿ.

ಸೋಲಾರ್ ವಾಟರ್ ಹೀಟರಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಮೈಸೂರಿನಲ್ಲಿ ಅದಿಲ್ಲದ ತಾರಸಿ ಹುಡುಕುವುದೇ ಕಷ್ಟ. ಹಿತ್ತಾಳೆಯ ಪುಶ್‌ಫಿಟ್‌ಗಳ ಮೇಲ್ಮಿತಿ ಸಾಮಾನ್ಯವಾಗಿ 93 ಡಿಗ್ರಿ ಸೆಲ್ಸಿಯಸ್, ಸಿ.ಪಿ.ವಿ.ಸಿ. ಪೈಪಿನದೂ ಅಷ್ಟೇ. ಪ್ಲಾಸ್ಟಿಕ್ ಫಿಟಿಂಗುಗಳಲ್ಲಿ ಶಾಖ ಏರಿದಂತೆ ತಾಳುವ ಒತ್ತಡ ಇಳಿಯುತ್ತದೆ. ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು ಮಾದರಿ 20 ಡಿಗ್ರಿಯಲ್ಲಿ 12 ಬಾರ್ ತಾಳಿದರೆ 65 ಡಿಗ್ರಿಯಲ್ಲಿ 6 ಬಾರ್ ಮಾತ್ರ. ಏಪ್ರಿಲ್ ಬಿಸಿಲಿನಲ್ಲಿ ಮನೆಯವರೆಲ್ಲ ಊರಿಗೆ ಹೋಗಿ ಬಿಸಿನೀರು ಖರ್ಚಾಗದೆ ಉಳಿದರೆ, ಗಾಜಿನ ಕೊಳವೆಗಳ ಮಾದರಿಯ ಸೋಲಾರಿನಲ್ಲಿ ನೀರು ಕುದಿಯುವ ಹತ್ತಿರಕ್ಕೂ ಹೋಗುತ್ತದೆ. ಆದ್ದರಿಂದ ಸೋಲಾರ್ ಟ್ಯಾಂಕಿನ ಬಾಯಿಗೆ, ಗೀಸರಿನ ಬಾಯಿಗೆ ಪುಶ್‌ಫಿಟ್ ಹಾಕಬೇಡಿ. ಅಲ್ಲಿಂದ ಕನಿಷ್ಠ ಒಂದು ಮೀಟರ್ ದೂರದವರೆಗೆ ಲೋಹದ ಪೈಪು ಅಥವಾ ಥ್ರೆಡ್ ಜಾಯಿಂಟೇ ಇರಲಿ. ಸೋಲಾರಿನ ಗಾಳಿ ಕೊಳವೆ ಕಟ್ಟಿಕೊಂಡಿಲ್ಲವೆಂದೂ ನೋಡಿಕೊಳ್ಳಿ. ಅಡುಗೆ ಅನಿಲದ ಲೈನಿಗೆ ನೀರಿನ ಪುಶ್‌ಫಿಟ್ ಯಾವ ಕಾರಣಕ್ಕೂ ಸಲ್ಲದು.

ಹಂತ 2: ಪೈಪಿನ ಹೊರ ಅಳತೆ ತೆಗೆದುಕೊಳ್ಳಿ

ನಮ್ಮಲ್ಲಿ ಪುಶ್‌ಫಿಟ್ ಸೋತದ್ದು ಹೆಚ್ಚಾಗಿ ಇದೇ ಹಂತದಲ್ಲಿ. ಅಂಗಡಿಯಲ್ಲಿ ನಾವೆಲ್ಲ "ಅರ್ಧ ಇಂಚು" ಎಂದು ಕೇಳುತ್ತೇವೆ, ಆದರೆ ಅರ್ಧ ಇಂಚು ಎಂಬ ಹೆಸರಿನ ಪೈಪುಗಳ ಹೊರ ವ್ಯಾಸ ಒಂದೇ ಅಲ್ಲ. ಸಿ.ಪಿ.ವಿ.ಸಿ. ಪೈಪು ತಾಮ್ರದ ಪೈಪಿನ ಅಳತೆಯ ಕ್ರಮವನ್ನು ಅನುಸರಿಸುತ್ತದೆ: ಅರ್ಧ ಇಂಚಿನದು ಹೊರಗೆ 15.9 ಮಿ.ಮೀ., ಮುಕ್ಕಾಲು ಇಂಚಿನದು 22.2 ಮಿ.ಮೀ., ಒಂದು ಇಂಚಿನದು 28.6 ಮಿ.ಮೀ. ಅರ್ಧ ಇಂಚಿನ ಜಿ.ಐ. ಪೈಪು ಮತ್ತು ಶೆಡ್ಯೂಲ್ 40, ಶೆಡ್ಯೂಲ್ 80 ಎಂದು ಗುರುತಿಸುವ ಯು.ಪಿ.ವಿ.ಸಿ. ಪೈಪುಗಳು, ಅಂದರೆ ತಣ್ಣೀರಿಗೆ ಬಳಸುವ ಗಟ್ಟಿ ಪ್ಲಾಸ್ಟಿಕ್ ಪೈಪುಗಳು, ಸುಮಾರು 21.3 ಮಿ.ಮೀ. ಐಎಸ್ 4985 ಎಂಬ ಭಾರತೀಯ ಮಾನದಂಡದ ಸಂಖ್ಯೆ ಮೈಮೇಲೆ ಅಚ್ಚಾಗಿರುವ ಯು.ಪಿ.ವಿ.ಸಿ. ಪೈಪುಗಳಿಗೆ ಹೆಸರೇ ಹೊರ ವ್ಯಾಸದಲ್ಲಿರುತ್ತದೆ: 20, 25, 32 ಮಿ.ಮೀ. ಹೀಗೆ.

ಈಗ ತೊಂದರೆ ನೋಡಿ. ಆನ್‌ಲೈನಿನಲ್ಲಿ ಸಿಗುವ ಪುಶ್‌ಫಿಟ್‌ಗಳಲ್ಲಿ ಕೆಲವು ಬ್ರಿಟನ್ನಿನ 15 ಮತ್ತು 22 ಮಿ.ಮೀ. ಅಳತೆಯವು, ಕೆಲವು ಅಮೆರಿಕದ ಅರ್ಧ ಮತ್ತು ಮುಕ್ಕಾಲು ಇಂಚಿನ ತಾಮ್ರದ ಅಳತೆಯವು. ನಮ್ಮ ಸಿ.ಪಿ.ವಿ.ಸಿ. ಎರಡನೆಯದಕ್ಕೆ ಹೊಂದುತ್ತದೆ. ಮೊದಲನೆಯದರಲ್ಲಿ 15.9ರ ಪೈಪು 15ರ ಬಾಯಿಗೆ ಹೋಗುವುದೇ ಇಲ್ಲ, ಬಲವಂತ ಮಾಡಿದರೆ ಓ-ರಿಂಗ್ ಹರಿಯುತ್ತದೆ. ಮುಕ್ಕಾಲು ಇಂಚಿನದು ಇನ್ನೂ ಮೋಸಗಾರ: 22.2 ಮಿ.ಮೀ. ಪೈಪು 22ರ ಫಿಟಿಂಗಿನಲ್ಲಿ ಒತ್ತಿದರೆ ಹೋದಂತೆ ಕಾಣುತ್ತದೆ, ಪರೀಕ್ಷೆಯಲ್ಲೂ ಪಾಸಾಗಬಹುದು, ಆದರೆ ಆ ಫಿಟಿಂಗನ್ನು ಆ ಅಳತೆಗೆ ಮಾಡಿದ್ದಲ್ಲ. ಎರಡು ಬೇಸಿಗೆಯ ಮಾತು ಮೇಲೆ ಹೇಳಿದೆನಲ್ಲ, ಅದು ಇಂತಹ ಜಾಯಿಂಟುಗಳದ್ದು.

ಆದ್ದರಿಂದ ವರ್ನಿಯರ್ ಕ್ಯಾಲಿಪರ್ ಹಿಡಿದು ಪೈಪಿನ ಹೊರ ವ್ಯಾಸವನ್ನು ಎರಡು ದಿಕ್ಕಿನಲ್ಲಿ ಅಳೆಯಿರಿ. ಎರಡೂ ಅಳತೆ ಒಂದೇ ಬರದಿದ್ದರೆ ಪೈಪು ಮೊಟ್ಟೆಯಾಕಾರಕ್ಕೆ ಹಿಸುಕಿದೆ ಎಂದರ್ಥ, ಆ ತುಂಡನ್ನು ಬಿಟ್ಟು ಮುಂದೆ ಕತ್ತರಿಸಿ. ಕ್ಯಾಲಿಪರ್ ಇಲ್ಲದಿದ್ದರೆ ಪೈಪಿನ ಮೇಲಿನ ಅಚ್ಚನ್ನು ಓದಿ, ಸಿ.ಪಿ.ವಿ.ಸಿ.ಗೆ ಐಎಸ್ 15778 ಎಂದಿರುತ್ತದೆ. ಎಸ್‌ಡಿಆರ್ 11, ಎಸ್‌ಡಿಆರ್ 13.5 ಎಂಬ ಗುರುತುಗಳು ಗೋಡೆಯ ದಪ್ಪವನ್ನು ಹೇಳುತ್ತವೆ. ಹೊರ ವ್ಯಾಸ ಎರಡಕ್ಕೂ ಒಂದೇ ಆದ್ದರಿಂದ ಅದು ಇಲ್ಲಿ ಅಡ್ಡಿಯಲ್ಲ. ಹೋಗುವಾಗ ಹಳೆಯ ಪೈಪಿನ ಒಂದು ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಹೋಗುವುದು ಎಲ್ಲಕ್ಕಿಂತ ಸುಲಭ.

ಜಿ.ಐ. ಪೈಪಿನ ಮೇಲೆ ನೇರವಾಗಿ ಪುಶ್‌ಫಿಟ್ ಕೂರುವುದಿಲ್ಲ. ಅದರ ಮೈ ಒರಟು, ಅಳತೆಯೂ ಬೇರೆ. ಒಂದು ತುದಿ ಥ್ರೆಡ್, ಇನ್ನೊಂದು ತುದಿ ಪುಶ್‌ಫಿಟ್ ಇರುವ ಅಡಾಪ್ಟರ್ ಬೇಕು. ಥ್ರೆಡ್ ಕಡೆಯನ್ನು ಟೆಫ್ಲಾನ್ ಟೇಪು ಸುತ್ತಿ ಮೊದಲು ಬಿಗಿದುಬಿಡಿ, ಆಮೇಲೆ ಪೈಪು ಒತ್ತಿ. ಪೈಪು ಒತ್ತಿದ ಮೇಲೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಹಲ್ಲುಗಳು ಪೈಪಿನ ಸುತ್ತ ಗೆರೆ ಕೊರೆಯುತ್ತವೆ. ಹಳೆಯ ಮನೆಯವರಿಗೆ ಇಲ್ಲಿ ಇನ್ನೊಂದು ಎಚ್ಚರಿಕೆ. ಕೆಲವು ಮನೆಗಳಲ್ಲಿ ವಿದ್ಯುತ್ತಿನ ಅರ್ಥಿಂಗ್ ತಂತಿಯನ್ನು ಜಿ.ಐ. ನೀರಿನ ಪೈಪಿಗೆ ಸುತ್ತಿರುತ್ತಾರೆ. ಮಧ್ಯೆ ಪ್ಲಾಸ್ಟಿಕ್ ತುಂಡು ಬಂದರೆ ಆ ಅರ್ಥಿಂಗ್ ಅಲ್ಲಿಗೇ ಕಡಿದುಹೋಗುತ್ತದೆ, ಅಪಾಯ ಮಾತ್ರ ಉಳಿಯುತ್ತದೆ. ಪೈಪು ಕತ್ತರಿಸುವ ಮುನ್ನ ಎಲೆಕ್ಟ್ರಿಷಿಯನ್ನನ್ನು ಕರೆಸಿ ಬೇರೆ ಅರ್ಥಿಂಗ್ ಇದೆಯೇ ಎಂದು ನೋಡಿಸಿ.

ಹಂತ 3: ಫಿಟಿಂಗು ಮತ್ತು ಸಲಕರಣೆ ಕೊಳ್ಳಿ

ಹಿತ್ತಾಳೆಯ ಫಿಟಿಂಗಿನಲ್ಲಿ ಸತು ಕರಗಿಹೋಗದಂತೆ ಮಾಡಿದ ಮಿಶ್ರಲೋಹದ್ದು ಉತ್ತಮ, ಡಿ.ಝಡ್.ಆರ್. ಎಂದು ಗುರುತಿಸಿರುತ್ತಾರೆ. ಕೊಳವೆಬಾವಿಯ ನೀರು ಬಳಸುವವರು ಇದನ್ನೇ ಕೇಳಿ. ಅಮೆರಿಕದ ಮಾದರಿಯಾದರೆ ಎಎಸ್‌ಎಸ್‌ಇ 1061 ಎಂಬ ಗುರುತು ಪುಶ್‌ಫಿಟ್‌ಗೆಂದೇ ಇರುವ ಮಾನದಂಡ. ಹೆಸರಿಲ್ಲದ, ಪೊಟ್ಟಣವಿಲ್ಲದ, ಡಬ್ಬಿಯಲ್ಲಿ ಸುರಿದಿಟ್ಟ ಫಿಟಿಂಗನ್ನು ಎಷ್ಟೇ ಅಗ್ಗವಾದರೂ ಬಿಡಿ. ಗಾಳಿ ಲೈನಿಗೆ, ಅಂದರೆ ಕಾರ್ಖಾನೆಯ ಯಂತ್ರಗಳಿಗೆ ಬಳಸುವ ಫಿಟಿಂಗುಗಳು ನೋಡಲು ಹೀಗೆಯೇ ಇರುತ್ತವೆ, ಅವು ಕುಡಿಯುವ ನೀರಿಗಲ್ಲ.

ಇದಲ್ಲದೆ ಬೇಕಾದವು: ಚಕ್ರದ ಪೈಪ್ ಕಟರ್ ಅಥವಾ ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡು, ನಯವಾದ ಉಪ್ಪುಕಾಗದ, ಅಳತೆಪಟ್ಟಿ, ಅಳಿಸದ ಮಾರ್ಕರ್ ಪೆನ್ನು, ಬಿಚ್ಚುವ ಕ್ಲಿಪ್ಪು, ಒಣ ಬಟ್ಟೆ. ಪೆಕ್ಸ್ ಪೈಪಿಗಾದರೆ, ಅಂದರೆ ಬಗ್ಗಿಸಬಹುದಾದ ಪಾಲಿಥಿಲೀನ್ ಪೈಪಿಗೆ, ತುದಿಯೊಳಗೆ ತೂರಿಸುವ ಗಟ್ಟಿ ಕೊಳವೆ ಕೂಡ ಬೇಕು. ಅದಿಲ್ಲದಿದ್ದರೆ ಹಲ್ಲು ಮತ್ತು ರಿಂಗಿನ ಒತ್ತಡಕ್ಕೆ ಮೆತ್ತನೆಯ ಪೈಪು ಕಾಲಕ್ರಮೇಣ ಒಳಕ್ಕೆ ತಗ್ಗುತ್ತದೆ. ಕೆಲವು ಫಿಟಿಂಗುಗಳಲ್ಲಿ ಇದು ಒಳಗೇ ಕೂತಿರುತ್ತದೆ.

ಹಂತ 4: ನೀರು ನಿಲ್ಲಿಸಿ, ಪೈಪು ಕತ್ತರಿಸಿ

ಟ್ಯಾಂಕಿನ ಕೆಳಗಿನ ವಾಲ್ವ್ ಮುಚ್ಚಿ, ಪ್ರೆಶರ್ ಪಂಪು ಮತ್ತು ಗೀಸರಿನ ಸ್ವಿಚ್ಚು ಆರಿಸಿ, ಆ ಲೈನಿನ ಅತಿ ಕೆಳಗಿನ ನಲ್ಲಿ ತೆರೆದು ನೀರು ಪೂರ್ತಿ ಇಳಿಯಲು ಬಿಡಿ. ಹಳೆಯ ಗೇಟ್ ವಾಲ್ವ್ ಪೂರ್ತಿ ಮುಚ್ಚದೆ ನೀರು ಜಿನುಗುತ್ತಿದ್ದರೂ ಪುಶ್‌ಫಿಟ್ ಹಾಕಬಹುದು; ಸಾಲ್ವೆಂಟ್ ಸಿಮೆಂಟಿಗಿಂತ, ಅಂದರೆ ಗಮ್ಮಿಗಿಂತ, ಇದರ ದೊಡ್ಡ ಅನುಕೂಲ ಇದೇ.

ವರ್ಷಗಳಷ್ಟು ಹಳೆಯ ಸಿ.ಪಿ.ವಿ.ಸಿ., ಅದರಲ್ಲೂ ಬಿಸಿನೀರಿನ ಲೈನು, ಪೆಡಸಾಗಿರುತ್ತದೆ. ಕತ್ತರಿಯಂತೆ ಒತ್ತಿ ಕತ್ತರಿಸುವ ಕಟರ್ ಹಾಕಿದರೆ ಕಣ್ಣಿಗೆ ಕಾಣದ ಸೀಳು ಉದ್ದಕ್ಕೂ ಓಡುತ್ತದೆ. ಚಕ್ರದ ಕಟರ್ ಅಥವಾ ಹ್ಯಾಕ್ಸಾ ಬಳಸಿ. ತುದಿಯಲ್ಲಿ ಸೀಳು ಕಂಡರೆ ಅದು ಮುಗಿದ ಜಾಗದಿಂದ ಕನಿಷ್ಠ 50 ಮಿ.ಮೀ. ಆಚೆ ಮತ್ತೆ ಕತ್ತರಿಸಿ. ತುಂಡು ನೇರವಾಗಿರಬೇಕು, ಓರೆಯಾದರೆ ಒಂದು ಕಡೆ ಪೈಪು ತಡೆಯಂಚಿಗೆ ತಾಗಿದ್ದರೂ ಇನ್ನೊಂದು ಕಡೆ ಓ-ರಿಂಗಿನ ಅಂಚಿನಲ್ಲಷ್ಟೇ ನಿಂತಿರುತ್ತದೆ. ಕೈ ಅಲುಗುವವರು ಪೈಪಿನ ಸುತ್ತ ಒಂದು ಕಾಗದದ ಪಟ್ಟಿಯನ್ನು ಅಂಚಿಗೆ ಅಂಚು ಕೂಡುವಂತೆ ಸುತ್ತಿ ಅದರ ಗೆರೆಯ ಮೇಲೆ ಕೊಯ್ಯಬಹುದು.

ಹಂತ 5: ತುದಿಯನ್ನು ಸಿದ್ಧಮಾಡಿ

ಪ್ಲಂಬರುಗಳು ಸಾಮಾನ್ಯವಾಗಿ ಹಾರಿಸಿಬಿಡುವ ಹಂತವಿದು. ನೀವು ಪಕ್ಕದಲ್ಲೇ ನಿಂತು ಮಾಡಿಸಬೇಕಾದದ್ದೂ ಇದನ್ನೇ.

ಕತ್ತರಿಸಿದ ಅಂಚಿನ ಮೇಲೆ ಬೆರಳು ಆಡಿಸಿದರೆ ಚುಚ್ಚುವ ಎಳೆಗಳು, ಪುಡಿ ಸಿಗುತ್ತವೆ. ಪೈಪು ಒಳಗೆ ಹೋಗುವಾಗ ಆ ಎಳೆಗಳು ಓ-ರಿಂಗನ್ನು ಕೊಯ್ಯುತ್ತವೆ. ಕೊಯ್ದ ರಿಂಗು ಕೆಲವು ತಿಂಗಳು ನೀರನ್ನು ತಡೆದೀತು, ಬಿಸಿ ತಣ್ಣಗಳ ಆಟದಲ್ಲಿ ಆ ಗಾಯ ಬಾಯಿ ಬಿಡುತ್ತದೆ. ಹೊರ ಅಂಚನ್ನು ಉಪ್ಪುಕಾಗದದಿಂದ ಸುತ್ತಲೂ ಸ್ವಲ್ಪ ಓರೆಯಾಗುವಂತೆ ಉಜ್ಜಿ, ಒಳ ಅಂಚಿನ ಪುಡಿಯನ್ನು ತೆಗೆದುಬಿಡಿ. ಆಮೇಲೆ ತುದಿಯಿಂದ 50 ಮಿ.ಮೀ. ವರೆಗಿನ ಪೈಪಿನ ಮೈಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಾ ನೋಡಿ. ಅಡ್ಡ ಗೀರಿಗಿಂತ ಉದ್ದುದ್ದ ಗೀರು ಅಪಾಯಕಾರಿ, ಏಕೆಂದರೆ ಅದು ಓ-ರಿಂಗಿನ ಅಡಿಯಲ್ಲಿ ನೀರಿಗೆ ನೇರ ಕಾಲುವೆಯಾಗುತ್ತದೆ. ಉಗುರಿಗೆ ತಗಲುವಷ್ಟು ಗೀರಿದ್ದರೆ, ಹಳೆಯ ಹಲ್ಲುಬಳೆಯ ಕಚ್ಚಿದ ಗುರುತಿದ್ದರೆ, ಗಮ್ಮಿನ ಹರಳು ಒಣಗಿ ಕೂತಿದ್ದರೆ ಅಥವಾ ಪೈಪಿನ ಅಚ್ಚಕ್ಷರ ಉಬ್ಬಿದ್ದರೆ ಆ ಭಾಗ ಬೇಡ. ಗೋಡೆ ಕೊರೆದು ತೆಗೆದ ಪೈಪಿನ ಮೇಲೆ ಸಿಮೆಂಟಿನ ಕಣಗಳು ಅಂಟಿರುತ್ತವೆ, ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಮಳೆಗಾಲದಲ್ಲಿ ಕೆಂಪು ನೀರು ಬಂದಿದ್ದರೆ ಕತ್ತರಿಸಿದ ಪೈಪಿನಿಂದ ಒಂದು ಬಕೆಟ್ಟಿನಷ್ಟು ನೀರು ಹರಿಸಿ, ಒಳಗಿನ ಮರಳು ಹೊರಬೀಳಲಿ.

ಒಣ ಪೈಪು ಬಿಗಿ ಎನಿಸಿದರೆ ಶುದ್ಧ ನೀರು ಹಚ್ಚಿ, ಅಥವಾ ಕುಡಿಯುವ ನೀರಿಗೆ ಒಪ್ಪಿತವಾದ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ. ಅಡುಗೆಮನೆಯ ಎಣ್ಣೆ, ವ್ಯಾಸಲೀನ್, ಗಾಡಿಯ ಗ್ರೀಸು ಖಂಡಿತ ಬೇಡ. ಪೆಟ್ರೋಲಿಯಂ ಮೂಲದ ಜಿಡ್ಡಿನಲ್ಲಿ ಇ.ಪಿ.ಡಿ.ಎಂ. ರಬ್ಬರು ಉಬ್ಬಿ ಮೆತ್ತಗಾಗುತ್ತದೆ; ಕೆಲವು ಎಣ್ಣೆಗಳು ಸಿ.ಪಿ.ವಿ.ಸಿ. ಪೈಪಿಗೇ ಸಣ್ಣ ಬಿರುಕು ಬರಿಸುತ್ತವೆ. ಇರುವೆ ಬಾರದಿರಲೆಂದು ಪೈಪಿನ ಸುತ್ತ ಎಣ್ಣೆ ಹಚ್ಚುವ ಅಭ್ಯಾಸವಿದ್ದರೆ ಅದನ್ನೂ ಬಿಡಿ.

ಹಂತ 6: ಆಳದ ಗುರುತು ಹಾಕಿ ಒತ್ತಿ

ಪ್ರತಿ ತಯಾರಕರೂ ಪೈಪು ಎಷ್ಟು ಆಳ ಹೋಗಬೇಕೆಂದು ಹೇಳಿರುತ್ತಾರೆ. ಅರ್ಧ ಇಂಚಿನದಕ್ಕೆ ಸಾಮಾನ್ಯವಾಗಿ 25 ಮಿ.ಮೀ. ಆಸುಪಾಸು. ಆ ಅಳತೆಗೆ ಮಾರ್ಕರಿನಲ್ಲಿ ಪೈಪಿನ ಸುತ್ತ ಗೆರೆ ಎಳೆಯಿರಿ, ಒಂದು ಚುಕ್ಕೆ ಸಾಲದು. ಪೈಪನ್ನು ನೇರವಾಗಿ ಹಿಡಿದು ಸ್ವಲ್ಪ ತಿರುಚುತ್ತಾ ಒತ್ತಿದಾಗ ನಿಮ್ಮ ಕೈಗೆ ಎರಡು ತಡೆ ಸಿಗುತ್ತವೆ: ಮೊದಲು ಹಲ್ಲುಬಳೆಯದು, ನಂತರ ಓ-ರಿಂಗಿನದು. ಮೊದಲ ತಡೆ ದಾಟಿದೊಡನೆ ಪೈಪನ್ನು ಎಳೆದರೆ ಬರುವುದಿಲ್ಲ, ಆದ್ದರಿಂದ "ಕೂತಿತು" ಎನಿಸುತ್ತದೆ. ಆಗಿನ್ನೂ ಪೈಪಿನ ತುದಿ ಓ-ರಿಂಗನ್ನು ತಲುಪಿಯೇ ಇರುವುದಿಲ್ಲ ಅಥವಾ ಅದರ ಮೇಲೆ ಅರ್ಧ ನಿಂತಿರುತ್ತದೆ. ಗೆರೆ ಕಾಲರಿನ ಅಂಚಿಗೆ ಬರುವವರೆಗೂ ಒತ್ತಿ. ಬಳಿಕ ಜೋರಾಗಿ ಎಳೆದು ನೋಡಿ. ಒಂದೆರಡು ಮಿಲಿಮೀಟರ್ ಹಿಂದೆ ಸರಿದು ಹಲ್ಲು ಕಚ್ಚಿ ನಿಂತರೆ ಸರಿ.

ಜೋಡಿಸಿದ ಮೇಲೆ ಫಿಟಿಂಗು ಪೈಪಿನ ಮೇಲೆ ತಿರುಗುತ್ತದೆ. ಗಮ್ಮಿನ ಜಾಯಿಂಟಿಗೆ ಒಗ್ಗಿದವರು ಇದನ್ನು ನೋಡಿ ಗಾಬರಿಯಾಗುತ್ತಾರೆ, ಆದರೆ ತಿರುಗುವುದು ದೋಷವಲ್ಲ. ತಿರುಗುತ್ತಲೇ ಇರುವುದು ದೋಷ, ಅದು ಮುಂದಿನ ಹಂತದ ಮಾತು. ತಪ್ಪಾಗಿ ಕೂತರೆ ಕ್ಲಿಪ್ಪಿನಿಂದ ಕಾಲರನ್ನು ಸಮನಾಗಿ ಒತ್ತಿಹಿಡಿದು ಪೈಪು ಎಳೆಯಿರಿ, ಹಲ್ಲಿನ ಗುರುತು ಬಿದ್ದ ತುದಿಯನ್ನು ಕತ್ತರಿಸಿ, ಮತ್ತೆ ಐದನೆಯ ಹಂತದಿಂದ ಶುರುಮಾಡಿ.

ಹಂತ 7: ಪೈಪಿಗೆ ಆಧಾರ ಕೊಡಿ

ನೇರ ಎಳೆತವನ್ನು ಪುಶ್‌ಫಿಟ್ ಚೆನ್ನಾಗಿ ತಾಳುತ್ತದೆ, ಪಕ್ಕದ ಎಳೆತವನ್ನಲ್ಲ. ಪೈಪು ಓರೆಯಾಗಿ ನಿಂತರೆ ಓ-ರಿಂಗು ಒಂದು ಕಡೆ ಹೆಚ್ಚು ಹಿಸುಕಿ ಇನ್ನೊಂದು ಕಡೆ ಸಡಿಲವಾಗುತ್ತದೆ. ಅರ್ಧ ಇಂಚಿನ ಸಿ.ಪಿ.ವಿ.ಸಿ. ಅಡ್ಡಡ್ಡ ಹೋಗುವಲ್ಲಿ ಸುಮಾರು 900 ಮಿ.ಮೀ.ಗೆ ಒಂದು ಕ್ಲ್ಯಾಂಪು ಬೇಕು, ಜಾಯಿಂಟಿನ ಎರಡೂ ಬದಿಗೆ ಹತ್ತಿರದಲ್ಲೇ ಒಂದೊಂದು ಇರಲಿ. ನಲ್ಲಿಯ ಭಾರ, ಅದನ್ನು ತಿರುಗಿಸುವ ಕೈಯ ಬಲ ಜಾಯಿಂಟಿನ ಮೇಲೆ ಬೀಳಬಾರದು. ನಲ್ಲಿಯನ್ನು ಗೋಡೆಗೇ ಗಟ್ಟಿಯಾಗಿ ಕೂರಿಸಿ.

ಬಿಸಿನೀರಿನ ಉದ್ದ ಲೈನಿನಲ್ಲಿ ಹಿಗ್ಗುವಿಕೆಯನ್ನೂ ಲೆಕ್ಕ ಹಾಕಬೇಕು. ಸಿ.ಪಿ.ವಿ.ಸಿ. ಒಂದು ಡಿಗ್ರಿಗೆ ಪ್ರತಿ ಮೀಟರಿಗೆ ಸುಮಾರು 0.063 ಮಿ.ಮೀ. ಹಿಗ್ಗುತ್ತದೆ. ಐದು ಮೀಟರ್ ಪೈಪು 25 ಡಿಗ್ರಿಯಿಂದ 70ಕ್ಕೆ ಏರಿದರೆ ಹಿಗ್ಗುವುದು ಸುಮಾರು 14 ಮಿ.ಮೀ. ದಿನಾ ಬೆಳಗ್ಗೆ ಸ್ನಾನದ ಹೊತ್ತಿಗೆ ಹಿಗ್ಗಿ ಮಧ್ಯಾಹ್ನಕ್ಕೆ ಕುಗ್ಗುವ ಈ ಪೈಪಿಗೆ ಹೋಗಲು ಜಾಗವಿಲ್ಲದಿದ್ದರೆ ಅದು ಎಲ್ಬೋವನ್ನೇ ತಿರುಚುತ್ತದೆ. ಹಾಗಾಗಿ ಅಂತಹ ಲೈನಿನಲ್ಲಿ ಒಂದು ಬಳಸು ತಿರುವು ಕೊಡಿ, ಕ್ಲ್ಯಾಂಪುಗಳು ಪೈಪನ್ನು ಹಿಸುಕದೆ ಉದ್ದಕ್ಕೆ ಜಾರಲು ಬಿಡುವಂತಿರಲಿ.

ಪೂರ್ತಿ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್ ಇರುವ ಲೈನಿನಲ್ಲಿ ಇನ್ನೊಂದು ಪೀಡೆ. ಅದರ ವಿದ್ಯುತ್ ವಾಲ್ವು ಕ್ಷಣದಲ್ಲಿ ಮುಚ್ಚಿದಾಗ ಓಡುವ ನೀರು ಗಕ್ಕನೆ ನಿಂತು ಪೈಪು "ದಡ್" ಎನ್ನುತ್ತದೆ. ಆ ಸದ್ದು ಕೇಳಿಸುತ್ತಿದ್ದರೆ ಕ್ಲ್ಯಾಂಪು ಹೆಚ್ಚಿಸಿ, ಪ್ರೆಶರ್ ಪಂಪಿನ ಒತ್ತಡ ಇಳಿಸಿ.

ಆರ್‌ಒ ಫಿಲ್ಟರಿನ ಸಣ್ಣ ಕೊಳವೆ

ಪುಶ್‌ಫಿಟ್ ನಮ್ಮ ಮನೆಯಲ್ಲಿಲ್ಲ ಎನ್ನುವವರು ಅಡುಗೆಮನೆಯ ಆರ್‌ಒ ಫಿಲ್ಟರಿನ ಹಿಂದೆ ನೋಡಲಿ. ಅಲ್ಲಿರುವ ಬಿಳಿ ಕೊಳವೆಯ ಪ್ರತಿ ತುದಿಯೂ ಪುಶ್‌ಫಿಟ್. ಕೊಳವೆಯ ಅಳತೆ ಕಾಲು ಇಂಚು, ಅಂದರೆ 6.35 ಮಿ.ಮೀ.; ಗಾಳಿ ಲೈನಿನ 6 ಮಿ.ಮೀ. ಕೊಳವೆಯನ್ನು ತಂದು ಹಾಕಿದರೆ ಹಲ್ಲು ಹಿಡಿದೀತು, ರಿಂಗು ಹಿಡಿಯದು. ಒಳಗಿನ ಬೂಸ್ಟರ್ ಪಂಪು ತಾರಸಿಯ ಟ್ಯಾಂಕಿಗಿಂತ ಹಲವು ಪಟ್ಟು ಒತ್ತಡ ಕೊಡುವುದರಿಂದ ಇಲ್ಲಿ ಕಳಚಿದರೆ ಅಡುಗೆಮನೆಯೆಲ್ಲ ನೀರು. ಸರ್ವಿಸಿಗೆ ಬಂದ ಹುಡುಗ ಕೊಳವೆ ಬಿಚ್ಚಿ ಅದೇ ತುದಿಯನ್ನು ಮತ್ತೆ ತೂರಿಸದೆ, ಒಂದು ಬೆರಳಗಲ ನೇರವಾಗಿ ಕತ್ತರಿಸಿ ಹಾಕುವಂತೆ ಹೇಳಿ. ಕಾಲರಿನ ಕೆಳಗೆ ಕೂರುವ ಬಣ್ಣದ ಪುಟ್ಟ ಲಾಕ್ ಕ್ಲಿಪ್ಪು ಬಿದ್ದುಹೋಗಿದ್ದರೆ ಹೊಸದನ್ನು ಹಾಕಿಸಿ. ಫಿಟಿಂಗಿನ ಬಾಯಲ್ಲೇ ಕೊಳವೆ ಬಾಗದಿರಲಿ. ಸಿಂಕಿನ ಕೆಳಗೆ ಇಲಿ ಓಡಾಡುವ ಮನೆಗಳಲ್ಲಿ ಕೊಳವೆಯನ್ನು ಗಟ್ಟಿ ಪೈಪಿನೊಳಗೆ ತೂರಿಸಿ ಒಯ್ಯುವುದು ಒಳ್ಳೆಯದು. ಊರಿಗೆ ಹೊರಡುವಾಗ ಆರ್‌ಒಗೆ ಹೋಗುವ ವಾಲ್ವು ಮುಚ್ಚಿ.

ಹಂತ 8: ಪರೀಕ್ಷಿಸಿ

ವಾಲ್ವನ್ನು ನಿಧಾನವಾಗಿ ತೆರೆದು, ನಲ್ಲಿಗಳಿಂದ ಗಾಳಿ ಹೋಗಿ ನೀರು ಒಂದೇ ಸಮ ಬರುವವರೆಗೆ ಬಿಡಿ. ಪ್ರತಿ ಜಾಯಿಂಟಿನ ಸುತ್ತ ಒಣ ಟಿಶ್ಯೂ ಕಾಗದ ಸುತ್ತಿ ನೋಡಿ. ಬೆರಳಿಗೆ ತಿಳಿಯದ ಪಸೆ ಕಾಗದದಲ್ಲಿ ತಿಳಿಯುತ್ತದೆ. ಮೊದಲು ಪಂಪು ಓಡಿಸಿ ಒಂದು ಗಂಟೆ, ನಂತರ ಪಂಪು ನಿಲ್ಲಿಸಿ ಬರೀ ಟ್ಯಾಂಕಿನ ಒತ್ತಡದಲ್ಲಿ ಒಂದು ರಾತ್ರಿ. ಬಿಸಿನೀರಿನ ಲೈನಾದರೆ ಬಿಸಿ ಹರಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಮತ್ತೊಮ್ಮೆ ಕಾಗದ ಸುತ್ತಿ.

ಮನೆಯಲ್ಲೆಲ್ಲೋ ಕಾಣದ ಸೋರಿಕೆ ಇದೆಯೇ ಎಂದು ನೀರಿನ ಮೀಟರು ನೋಡಿ ತಿಳಿಯಿರಿ ಎಂಬ ಸಲಹೆ ನಮ್ಮಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಮೈಸೂರಿಗೆ ನೀರು ಕೊಡುವ ವಾಣಿವಿಲಾಸ ನೀರು ಸರಬರಾಜಿನ ಮೀಟರು ಸಂಪಿಗಿಂತ ಮೊದಲೇ ಇರುತ್ತದೆ, ಸೋರುವುದು ಟ್ಯಾಂಕಿನಿಂದ ಆಚೆ. ಅದರ ಬದಲು ರಾತ್ರಿ ಮಲಗುವ ಮುನ್ನ ಟ್ಯಾಂಕು ತುಂಬುವ ಪಂಪು ನಿಲ್ಲಿಸಿ, ಕಮೋಡಿನ ಫ್ಲಶ್ ಟ್ಯಾಂಕುಗಳ ಆಂಗಲ್ ಕಾಕ್ ಮುಚ್ಚಿ, ಟ್ಯಾಂಕಿನ ಒಳಗೆ ನೀರಿನ ಮಟ್ಟವನ್ನು ಒಂದು ಕೋಲಿನಿಂದ ಅಳೆದಿಡಿ. ಒಳವ್ಯಾಸ 1.1 ಮೀಟರ್ ಇರುವ ದುಂಡನೆಯ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಸುಮಾರು 9.5 ಲೀಟರ್ ಹೋಯಿತೆಂದು ಲೆಕ್ಕ.

ಈ ಪರೀಕ್ಷೆಗಳೆಲ್ಲ ಮುಗಿಯುವವರೆಗೆ ಬಡಗಿಗೆ ಸಿಂಕಿನ ಕೆಳಗಿನ ಕಪಾಟಿನ ಹಲಗೆ ಹೊಡೆಯಲು ಹೇಳಬೇಡಿ.

ಹಂತ 9: ಆಗಾಗ ನೋಡುತ್ತಿರಿ

ಹಾಕಿದ ಒಂದು ವಾರಕ್ಕೆ, ಒಂದು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಬೇಸಿಗೆ ಮುಗಿದಾಗ ನೋಡಿದರೆ ಸಾಕು. ಮಾರ್ಕರಿನ ಗೆರೆ ಇನ್ನೂ ಕಾಲರಿನ ಅಂಚಿನಲ್ಲೇ ಇದೆಯೇ? ಐದಾರು ಮಿಲಿಮೀಟರ್ ಹೊರಗೆ ಬಂದಿದ್ದರೆ ಹಲ್ಲುಬಳೆ ಜಾರುತ್ತಿದೆ, ತಕ್ಷಣ ಬದಲಿಸಿ. ಹಿತ್ತಾಳೆಯ ಮೈಮೇಲೆ ಹಸಿರು ಕಲೆ, ಕಾಲರಿನ ಸುತ್ತ ಬಿಳಿ ಉಪ್ಪಿನ ಉಂಗುರ ಇದ್ದರೆ ಅದು ಹನಿಯಾಗುವ ಮೊದಲೇ ಆರಿಹೋಗುವಷ್ಟು ನಿಧಾನದ ಸೋರಿಕೆ. ಮಂಡ್ಯದ ಕಡೆ ಗಡಸು ಕೊಳವೆಬಾವಿ ನೀರು ಬಳಸುವವರಿಗೆ ಈ ಬಿಳಿ ಉಂಗುರ ಬೇಗ ಕಾಣುತ್ತದೆ, ಒಂದು ರೀತಿಯಲ್ಲಿ ಅದು ಅವರ ಅದೃಷ್ಟ. ಕಾವೇರಿ ನೀರಿನವರು ಟಿಶ್ಯೂ ಕಾಗದವನ್ನೇ ನಂಬಬೇಕು. ಉಪ್ಪನ್ನು ಕೆರೆದು ತೆಗೆದು ಸುಮ್ಮನಾಗಬೇಡಿ, ಜಾಯಿಂಟು ಬಿಚ್ಚಿ ಓ-ರಿಂಗು ನೋಡಿ. ಗಡಸು ನೀರಿನಲ್ಲಿ ವರ್ಷಗಟ್ಟಲೆ ಇದ್ದ ಕಾಲರು ಉಪ್ಪುಗಟ್ಟಿ ಒತ್ತಿದರೂ ಒಳಸರಿಯದಿರಬಹುದು. ಆಗ ಹಾರೆ, ಇಕ್ಕಳ ಹಾಕಿ ಎಳೆದಾಡದೆ ಪೈಪನ್ನೇ ಎರಡೂ ಕಡೆ ಕತ್ತರಿಸಿ ಫಿಟಿಂಗು ಸಮೇತ ತೆಗೆಯುವುದು ಬೇಗದ ಕೆಲಸ. ಪೈಪು ಅಷ್ಟು ಗಿಡ್ಡವಾಗುವುದರಿಂದ ಸಾಮಾನ್ಯ ಕಪ್ಲಿಂಗ್, ಅಂದರೆ ಎರಡು ಪೈಪುಗಳನ್ನು ಕೂಡಿಸುವ ತುಂಡು, ಸಾಲದು. ಪೈಪಿನ ಮೇಲೆ ಪೂರ್ತಿ ಜಾರಿಸಿ ಹಿಂದಕ್ಕೆ ತರಬಹುದಾದ ಉದ್ದನೆಯ ರಿಪೇರಿ ಕಪ್ಲಿಂಗ್ ಸಿಗುತ್ತದೆ, ಅದನ್ನೇ ಕೇಳಿ ತನ್ನಿ.